ತಾಳ ಹಾಕುವ ಕೈಯಲ್ಲಿ ಫೋನು

ಆರನೇ ಸೆಮ್

ಹೋದ ತಿಂಗಳು ರಾಮನವಮಿ ಕಛೇರಿಗೆ ಹೋಗಿದ್ದೆ. ಚಾಮರಾಜಪೇಟೆ, ಫೋರ್ಟ್ ಹೈಸ್ಕೂಲ್ ಮೈದಾನ. ಮುಖ್ಯ ಕೃತಿಗೆ ತೋಡಿ ರಾಗ ಎತ್ತಿಕೊಂಡರು. ನನ್ನ ಕೈ ತಾನಾಗೇ ಜೇಬಿಗೆ ಹೋಯಿತು. ಫೋನ್ ತೆಗೆದೆ, ರೆಕಾರ್ಡಿಂಗ್ ಒತ್ತಿದೆ, ಮುಂದಿನವರ ತಲೆ ಅಡ್ಡ ಬಾರದ ಹಾಗೆ ಎತ್ತಿ ಹಿಡಿದೆ. ಹತ್ತು ನಿಮಿಷಕ್ಕೆ ಬಲಗೈ ಸೋತಿತು. ಎಡಗೈಗೆ ಬದಲಾಯಿಸಿದೆ. ಮಧ್ಯೆ ಬ್ಯಾಟರಿ ಎಷ್ಟಿದೆ ನೋಡಿದೆ. ಪಕ್ಕದವರು ಕೆಮ್ಮಿದರು. ಅಯ್ಯೋ, ಅದೂ ರೆಕಾರ್ಡ್ ಆಯ್ತಲ್ಲ ಅಂತ ಬೇಜಾರು. ಮನೆಗೆ ಬಂದಾಗ ಅಮ್ಮ ಕೇಳಿದರು, "ತೋಡಿ ಹೇಗಿತ್ತೋ?" ನಾನು ಹೇಳಿದೆ, "ರೆಕಾರ್ಡ್ ಮಾಡಿದ್ದೀನಿ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಇವತ್ತಿಗೂ ಅದನ್ನು ಕೇಳಿಲ್ಲ. ಸುಮ್ನೆ ಲೆಕ್ಕ ಹಾಕಿದೆ. ಫೋನಿನಲ್ಲಿ ಕಛೇರಿ ತುಣುಕುಗಳು 214. ಪೂರ್ತಿ ಕೇಳಿದ್ದು 9.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್, ಎಂಜಿನಿಯರಿಂಗ್ ಮೂರನೇ ವರ್ಷ. ಹಾಡುಗಾರಿಕೆ ಒಂಬತ್ತು ವರ್ಷದಿಂದ. ಹಾಡೋದರಲ್ಲಿ ಸುಮಾರು. ಕೇಳೋದರಲ್ಲಿ ಪರವಾಗಿಲ್ಲ ಅಂದುಕೊಂಡಿದ್ದೆ. ನಮ್ಮ ಮೇಷ್ಟ್ರು ಮೊದಲು ಕಲಿಸಿದ್ದು ಸರಿಗಮ ಅಲ್ಲ, ತಾಳ. ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ತಟ್ಟು-ಹುಸಿ, ತಟ್ಟು-ಹುಸಿ. ಎಂಟು ಎಣಿಕೆ, ಆದಿತಾಳ. ತಿಂಗಳುಗಟ್ಟಲೆ ಅದೇ. ಚಿಕ್ಕವನಿದ್ದಾಗ ಕಛೇರಿಗೆ ಹೋದರೆ ನಾನು ವೇದಿಕೆ ನೋಡುತ್ತಲೇ ಇರಲಿಲ್ಲ. ಮುಂದಿನ ಸಾಲಿನ ತಾತಂದಿರ ತೊಡೆ ನೋಡುತ್ತಿದ್ದೆ. ಸಾಲಿಗೆ ಸಾಲೇ ಒಟ್ಟಿಗೆ ತಟ್ಟುತ್ತಿತ್ತು. ಒಬ್ಬರು ತಪ್ಪಿದರೆ ಪಕ್ಕದವರ ಕೈ ನೋಡಿ ಸರಿ ಮಾಡಿಕೊಳ್ಳುತ್ತಿದ್ದರು. ಈಗ ಅದೇ ಕೈಯಲ್ಲಿ ಫೋನಿದೆ. ಆವತ್ತು ನನಗೆ ಗಾಯಕರು ನೇರವಾಗಿ ಕಾಣಲಿಲ್ಲ, ಆರು ಚಿಕ್ಕ ಪರದೆಗಳಲ್ಲಿ ಕಂಡರು. ಏಳನೆಯದು ನನ್ನದು.

ತಂತ್ರಜ್ಞಾನ ಕೆಟ್ಟದ್ದು ಅಂತ ನಾನು ಹೇಳಿದರೆ ನನ್ನ ಡಿಗ್ರಿಯೇ ನಗುತ್ತೆ. ಆದರೆ ಅದಕ್ಕೆ ಏನು ಕೇಳಿಸುತ್ತೆ, ಏನು ಕೇಳಿಸಲ್ಲ ಅನ್ನೋದು ವಿಚಿತ್ರ. 2020ರಲ್ಲಿ ಪಾಠ ವಿಡಿಯೋ ಕಾಲ್‌ಗೆ ಬಂತಲ್ಲ, ಮೇಷ್ಟ್ರು ತಂಬೂರಿ ಹಾಕಿಕೊಂಡು ಕೂರುತ್ತಿದ್ದರು. ನನಗೆ ಮೊದಲ ಎರಡು ಸೆಕೆಂಡು ಕೇಳಿಸುತ್ತಿತ್ತು, ಆಮೇಲೆ ಮಾಯ. "ಶ್ರುತಿ ಬಿಟ್ಟು ಹಾಡ್ತಿದ್ದೀಯ" ಅಂತ ಬೈಗುಳ. "ಶ್ರುತಿನೇ ಕೇಳಿಸ್ತಿಲ್ಲ ಸಾರ್" ಅಂದರೆ ನಂಬುತ್ತಿರಲಿಲ್ಲ. ಆಮೇಲೆ ಕಾಲೇಜಿನಲ್ಲಿ ಸಿಗ್ನಲ್ ಪಾಠ ಆದಾಗ ಗೊತ್ತಾಯಿತು. ಮಾತಲ್ಲದೆ, ಬಿಡದೆ, ಒಂದೇ ಸಮ ಬರುವ ಶಬ್ದವನ್ನೆಲ್ಲ ಆ ತಂತ್ರಾಂಶ ಗದ್ದಲ ಅಂತ ತಿಳಿದು ಅಳಿಸಿಹಾಕುತ್ತೆ. ಅದಕ್ಕೆ ಫ್ಯಾನೂ ಒಂದೇ, ತಂಬೂರಿಯೂ ಒಂದೇ. ಜೊತೆಗೆ ತಾಳದ ಕಥೆ. ಅವರು ತಟ್ಟಿದ್ದು ನನಗೆ ತಡವಾಗಿ ಬರುತ್ತೆ, ನಾನು ಹಾಡಿದ್ದು ಅವರಿಗೆ ಇನ್ನೂ ತಡವಾಗಿ ಹೋಗುತ್ತೆ. ಇಬ್ಬರೂ ಸರಿಯಾಗಿದ್ದೇ ತಪ್ಪು ಹಾಡುತ್ತಿದ್ದೆವು.

ಇನ್ನೊಂದು. ಹೋದ ವರ್ಷ ನನ್ನ ರೂಮಿನ ಗೆಳೆಯನನ್ನು ಒಂದು ಕಛೇರಿಗೆ ಕರೆದುಕೊಂಡು ಹೋದೆ. ತನಿ ಆವರ್ತನ, ಅಂದರೆ ಹಾಡು ನಿಂತು ಮೃದಂಗ ಒಂದೇ ನುಡಿಯುವ ಹೊತ್ತು, ಶುರುವಾಗುತ್ತಿದ್ದ ಹಾಗೆ ಅರ್ಧ ಸಭೆ ಎದ್ದಿತು. "ಇಂಟರ್ವಲ್ಲಾ?" ಅಂದ. ಅದಕ್ಕೆ ನಕ್ಕೆ. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದ, "ಇವರೆಲ್ಲ ಒಬ್ಬರಿಗೊಬ್ಬರು ನೆಂಟರಾ? ನನ್ನೊಬ್ಬನ್ನೇ ಎಲ್ಲರೂ ಹೊಸಬನ ಥರ ನೋಡಿದರು." ಅದಕ್ಕೆ ನಗು ಬರಲಿಲ್ಲ.

ನಿಮ್ಮ ಅನುಭವ ಏನು? ಬೈಯೋದಿದ್ದರೂ ಬೈಯಿರಿ.


ಹಳೇ ರೇಡಿಯೋ

ಮಗು, ಬೈಯಲ್ಲ. ನನಗೆ 71. ಮೈಸೂರು. ನಿನ್ನ ರೋಗ ನಮ್ಮ ಮನೆಯಲ್ಲೂ ಇತ್ತು, ಅದರ ಹೆಸರು ಕ್ಯಾಸೆಟ್ಟು. ಅಣ್ಣ ರೇಡಿಯೋ ಕಛೇರಿಗಳನ್ನು ತುಂಬಿಕೊಳ್ಳುತ್ತಿದ್ದ. 60 ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ 30. ಒಂದು ಭೈರವಿ ರಾಗದ ಕೃತಿ ಇತ್ತು. ನೆರವಲ್, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡೋದು, ಏರುತ್ತಾ ಏರುತ್ತಾ ಇರುವಾಗ ಟಕ್ ಅಂತ ಕ್ಯಾಸೆಟ್ಟು ಮುಗಿಯೋದು. ತಿರುಗಿಸಿ ಹಾಕಿದರೆ ಆಮೇಲಿನ ಸರಿಗಮ, ಸ್ವರಪ್ರಸ್ತಾರ, ನಡೀತಾ ಇರೋದು. ಆ ಕೃತಿಯನ್ನು ಆಮೇಲೆ ಎಷ್ಟೋ ಸಲ ಎದುರಿಗೇ ಕೂತು ಕೇಳಿದ್ದೇನೆ. ಆ ಜಾಗ ಬಂದಾಗ ಇವತ್ತಿಗೂ ನನ್ನ ತಲೆಯಲ್ಲಿ ಟಕ್ ಅನ್ನುತ್ತೆ.

ಅದಕ್ಕೂ ಹಿಂದೆ ಹೋದರೆ ಗ್ರಾಮಫೋನ್ ತಟ್ಟೆ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಗಂಟೆಗಟ್ಟಲೆ ರಾಗ ಹಿಗ್ಗಿಸುತ್ತಿದ್ದವರು ಮೂರು ನಿಮಿಷಕ್ಕೆ ಮಡಚಿ ಕೊಡಬೇಕಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಕೂಗಿ ಹೇಳಿದ್ದರು. ತಟ್ಟೆ ಅಚ್ಚು ಹಾಕೋದು ಜರ್ಮನಿಯಲ್ಲಿ. ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ಆಕೆ ಕೊನೆಗಾಲಕ್ಕೆ ನಮ್ಮ ಮೈಸೂರಿನ ಅರಮನೆಗೇ ಬಂದು, 1930ರಲ್ಲಿ ಇಲ್ಲೇ ತೀರಿಕೊಂಡರು. ಇಲ್ಲಿಯವರಿಗೇ ಎಷ್ಟು ಜನಕ್ಕೆ ಗೊತ್ತು?

ರೇಡಿಯೋ ಅಂದರೂ ನಮ್ಮೂರೇ. 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು, ಮನಶ್ಶಾಸ್ತ್ರದ ಪ್ರೊಫೆಸರು, ತಮ್ಮ ಮನೆಯಿಂದಲೇ ಶುರು ಮಾಡಿದರು. ಬರೀ 30 ವಾಟ್. ಹಳೇ ಕಾಲದ ಒಂದು ಟ್ಯೂಬ್‌ಲೈಟಿಗೂ ಅದಕ್ಕಿಂತ ಜಾಸ್ತಿ ಬೇಕಿತ್ತು. ಆಗಲೂ ಮಡಿವಂತರು ಇದ್ದರು ಬಿಡು. ಎದುರಿಗೆ ಕೂರದವರಿಗೆ ಸಂಗೀತ ಯಾಕೆ ಅಂದವರು. ಕಡೆಗೆ ರೇಡಿಯೋದವರೇ ಮಡಿವಂತರಾಗಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ಹೊರಗಿಟ್ಟರು!

ಅದಕ್ಕೇ ಹೇಳಿದ್ದು, ಫೋನಿಗೆ ಜಾಸ್ತಿ ಹೆದರಬೇಡ. ಆದರೆ ಆ ತೋಡಿ ಕೇಳು ಮಾರಾಯ. ತುಂಬಿಕೊಂಡ ಮೇಲೆ ಕೇಳದೆ ಇದ್ದದ್ದು ನಮ್ಮಣ್ಣನೂ ಅಲ್ಲ.


ಮೈಕ್ ಹಿಂದಿನವ

ನಾನು ಕಛೇರಿಗಳಿಗೆ ಸೌಂಡ್ ಹಾಕುತ್ತೇನೆ. ಹದಿನೆಂಟು ವರ್ಷ ಆಯಿತು. ಚರ್ಚೆಯಲ್ಲಿ ನಮ್ಮನ್ನು ಯಾರೂ ಸೇರಿಸಿಕೊಳ್ಳಲ್ಲ, ನಾನೇ ಬಂದೆ.

ಮೈಕ್ ಬರುವ ಮುಂಚೆ ಹಾಡುವವರು ಶ್ರುತಿ ಏರಿಸಿ ಎದೆ ಬಿಚ್ಚಿ ಹಾಡಬೇಕಿತ್ತು, ಇಲ್ಲದಿದ್ದರೆ ಹಿಂದಿನ ಸಾಲಿಗೆ ಕೇಳಿಸುತ್ತಿರಲಿಲ್ಲ. ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡಿದ್ದು ಯಾಕೆ? ನಾಲ್ಕು ತಂತಿಯ ಸದ್ದು ದೊಡ್ಡ ಸಭೆಗೆ ಸಾಲುತ್ತಿರಲಿಲ್ಲ ಅಂತ. ಅವರ ಹೆಸರಿನಲ್ಲಿ 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದರು. ಈಗ ಅಲ್ಲೂ ಮೈಕಿಲ್ಲದೆ ಯಾರೂ ಕೂರಲ್ಲ. ಮೈಕ್ ಬಂದ ಮೇಲೆ ಮೆಲುದನಿಯವರಿಗೂ ವೇದಿಕೆ ಸಿಕ್ಕಿತು. ಸಣ್ಣ ಗಮಕ, ಉಸಿರಿನ ಹಾಗೆ ಬಿಡುವ ಒಂದು ಅನುಸ್ವರ, ಅದೆಲ್ಲ ಕೊನೆ ಸಾಲಿಗೂ ಮುಟ್ಟಿತು. ಅದು ಲಾಭ. ಒಪ್ಪಿಕೊಳ್ಳೋಣ.

ನಷ್ಟ ಹೇಳ್ತೀನಿ. ಕಛೇರಿ ಶುರುವಾಗಿ ಐದು ನಿಮಿಷಕ್ಕೆ ಗಾಯಕರು ನನ್ನ ಕಡೆ ತಿರುಗಿ ತೋರುಬೆರಳು ಮೇಲೆತ್ತುತ್ತಾರೆ. ನೀವೆಲ್ಲ ನೋಡಿರ್ತೀರಿ. ಮಾನಿಟರ್, ಅಂದರೆ ಅವರ ಕಡೆ ತಿರುಗಿಸಿಟ್ಟ ಸ್ಪೀಕರ್, ಏರಿಸು ಅಂತ ಅರ್ಥ. ಏರಿಸುತ್ತೇನೆ. ಆಗ ಪಿಟೀಲಿನವರಿಗೆ ತಮ್ಮದು ಕೇಳಿಸಲ್ಲ. ಅವರೂ ಬೆರಳೆತ್ತುತ್ತಾರೆ. ಆಮೇಲೆ ಮೃದಂಗ. ಆಮೇಲೆ ಮತ್ತೆ ಗಾಯಕರು. ಒಂದು ಗಂಟೆಯೊಳಗೆ ಎಲ್ಲರದ್ದೂ ಏರಿ, ಯಾರಿಗೂ ಯಾರದ್ದೂ ಕೇಳಿಸದೆ, ಮೈಕ್ ಕುಯ್ಯೋ ಅನ್ನುತ್ತೆ. ಸಭೆಯವರು ತಿರುಗಿ ನನ್ನನ್ನು ನೋಡುತ್ತಾರೆ!

ಒಂದು ಸಲ ಕರೆಂಟ್ ಹೋಗಿ ಜನರೇಟರೂ ಕೈಕೊಟ್ಟಿತು. ಚಿಕ್ಕ ಹಾಲು, ಇನ್ನೂರು ಜನ. ಗಾಯಕಿ ನಿಲ್ಲಿಸಲಿಲ್ಲ. ಮೃದಂಗದವರು ಅಂಗೈ ಬಿಟ್ಟು ಬೆರಳ ತುದಿಯಲ್ಲಿ ನುಡಿಸೋಕೆ ಶುರು ಮಾಡಿದರು. ಪಿಟೀಲಿನವರು ಅರ್ಧ ಅಡಿ ಹತ್ತಿರ ಜರುಗಿ ಕೂತರು. ಜನ ಸೆಕೆಗೆ ಬೀಸಿಕೊಳ್ಳುತ್ತಿದ್ದ ಆಹ್ವಾನಪತ್ರಿಕೆಯನ್ನೂ ಕೆಳಗಿಟ್ಟರು. ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ನನಗೆ ಕೆಲಸ ಇರಲಿಲ್ಲ. ನನ್ನ ಹದಿನೆಂಟು ವರ್ಷದಲ್ಲಿ ಅಷ್ಟು ಚೆನ್ನಾದ ಬ್ಯಾಲೆನ್ಸ್ ನಾನು ಕೂರಿಸಿಲ್ಲ.


ತೊಪ್ಪಿ ಮತ್ತು ರವೆ

ಮೃದಂಗ ಕಲೀತಾ ಇದ್ದೀನಿ. "ಇಂಟರ್ವಲ್ಲಾ" ಅಂದ ಗೆಳೆಯನಿಗೆ ನನ್ನ ನಮಸ್ಕಾರ ತಿಳಿಸಿ. ಅವನು ನಿಜ ಹೇಳಿದ.

ಕಛೇರಿಗೆ ಒಂದು ಗಂಟೆ ಮುಂಚೆ ಬಂದು, ರವೆ ಕಲಸಿ, ಎಡಗಡೆ ಮುಚ್ಚಿಗೆಗೆ, ಅಂದರೆ ತೊಪ್ಪಿಗೆ, ಮೆತ್ತಿ, ಜಾಸ್ತಿಯಾಯಿತು ಅಂತ ಚೂರು ಕಿತ್ತು, ಕಮ್ಮಿಯಾಯಿತು ಅಂತ ಮತ್ತೆ ಮೆತ್ತಿ, ಕಲ್ಲಿನಿಂದ ತಟ್ಟಿ ಶ್ರುತಿ ಕೂರಿಸಿ, ಎರಡು ಗಂಟೆ ಇನ್ನೊಬ್ಬರ ಹಿಂದೆ ನಡೆದು, ಕೊನೆಗೆ ನಮ್ಮದು ಅಂತ ಸಿಗೋದು ಹತ್ತು ಹದಿನೈದು ನಿಮಿಷ. ಆಗ ನೀವೆಲ್ಲ ಕಾಫಿಗೆ. ಫೋನು ಹಿಡಿದಾದರೂ ಕೂತಿರಿ ಮಾರಾಯ್ರೇ.

ಇನ್ನೊಂದು ಮಾತು. ಮೃದಂಗದ ಮುಚ್ಚಿಗೆ ತೊಗಲು. ಹಸುವಿನದು, ಎಮ್ಮೆಯದು, ಆಡಿನದು. ಅದನ್ನು ಹದ ಮಾಡಿ, ಬಿಗಿದು, ನಡುವಿನ ಕಪ್ಪು ಬಿಲ್ಲೆ, ಅಂದರೆ ಕರಣೆ, ಪದರ ಪದರವಾಗಿ ಹಾಕುವವರು ಬಹುಪಾಲು ಯಾವ ಸಮುದಾಯದವರು, ಅವರು ಕಛೇರಿಯ ಮುಂದಿನ ಸಾಲಿನಲ್ಲಿ ಕೂತಿದ್ದನ್ನು ನೀವು ಎಷ್ಟು ಸಲ ನೋಡಿದ್ದೀರಿ? ನಾನು ಒಂದು ಸಲವೂ ನೋಡಿಲ್ಲ. ನನ್ನ ಮೃದಂಗ ರಿಪೇರಿ ಮಾಡುವವರನ್ನು ಕರೆದೆ. "ಬೇಡ ಸ್ವಾಮಿ, ಇಲ್ಲೇ ಕೇಳುತ್ತಲ್ಲ" ಅಂದರು. ಅವರ ಅಂಗಡಿಯಲ್ಲಿ ದಿನವಿಡೀ ಮೃದಂಗದ ಸದ್ದು, ನಿಜ. ಆದರೆ ಅವರು ಬೇಡ ಅಂದಿದ್ದು ಅದಕ್ಕಲ್ಲ.


ಮೊದಲನೇ ತಲೆಮಾರು

ಆರನೇ ಸೆಮ್ ಅವರೇ, ನಿಮ್ಮ ಬರಹ ಹಿಡಿಸಿತು, ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ಯಾಕೆ ಹೇಳ್ತೀನಿ.

ನಮ್ಮದು ಒಂದು ಸಣ್ಣ ತಾಲೂಕು ಊರು. ಅಪ್ಪ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ನಮ್ಮೂರಿನಲ್ಲಿ ಕಛೇರಿ ಅಂದರೆ ತಹಸೀಲ್ದಾರ್ ಕಚೇರಿ ಮಾತ್ರ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಫೋನಿನಲ್ಲಿ ಯಾರೋ ಹೀಗೇ ಕೈ ನಡುಗಿಸುತ್ತಾ ಹಿಡಿದ ಒಂದು ರೆಕಾರ್ಡಿಂಗ್ ಸಿಕ್ಕಿತು. ಮಧ್ಯೆ ಕೆಮ್ಮು, ಮಗು ಅಳುವುದು, ಎಲ್ಲ ಇತ್ತು. ನಾನು ಕೇಳಿದ ಮೊದಲ ಆಲಾಪನೆ ಅದು. ನೀವು ಬೇಜಾರು ಮಾಡಿಕೊಂಡ ಆ ಕೆಮ್ಮು ಇದೆಯಲ್ಲ, ನನಗೆ ಅದರಿಂದಲೇ ಕಛೇರಿ ಅಂದರೆ ಜನ ಕೂತಿರುವ ಜಾಗ ಅಂತ ಗೊತ್ತಾಗಿದ್ದು. 214 ತುಣುಕು ನಿಮಗೆ ಬಾಕಿ ಕೆಲಸ. ನನಗೆ ಅದು ಶಾಲೆ.

ಶಾಲೆಗೆ ಒಂದು ಕೊರತೆ ಇತ್ತು. ಅದು ತಪ್ಪು ಅನ್ನಲ್ಲ. ಎರಡು ವರ್ಷ ತೋಡಿಯ ಗಾಂಧಾರವನ್ನು, ಅಂದರೆ ಸರಿಗಮದ ಗ ಸ್ವರವನ್ನು, ನೇರವಾಗಿ ನಿಲ್ಲಿಸಿ ಹಾಡಿದೆ. ಫೋನಿನ ತಂಬೂರಿ ಹಾಕಿಕೊಂಡು, ಶ್ರುತಿ ತೋರಿಸುವ ಆಪ್‌ನಲ್ಲಿ ಹಸಿರು ಗೆರೆ ಬರುವ ಹಾಗೆ. ಗೆರೆ ಹಸಿರಾಯಿತು ಅಂತ ಖುಷಿ ಬೇರೆ! ಆಮೇಲೆ ಮೈಸೂರಿನಲ್ಲಿ ಡಿಗ್ರಿಗೆ ಸೇರಿ ಒಬ್ಬ ಟೀಚರ್ ಹತ್ತಿರ ಹೋದೆ. ನಾನು ಹಾಡಿದ್ದು ಕೇಳಿ ಅವರು ಏನೂ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡು, ಗಾಂಧಾರ ಹಾಡುತ್ತಾ ಕೈಯನ್ನು ಮೇಲೆ ಕೆಳಗೆ ಅಲ್ಲಾಡಿಸಿದರು. ಅದು ಅಲ್ಲಾಡುವ ಸ್ವರ. ನಿಲ್ಲಿಸಿದರೆ ಅದು ತೋಡಿಯೇ ಅಲ್ಲ. ನಿಲ್ಲಿಸುವ ಆ ಅಭ್ಯಾಸ ಬಿಡಿಸೋಕೆ ಒಂದು ವರ್ಷ ಹಿಡಿಯಿತು.

ಸಭೆಯ ವಿಷಯ. ಹೊಸ ಕಡೆ ಹೋದಾಗ ಕೇಳುವ ಮೊದಲ ಪ್ರಶ್ನೆ ಯಾವ ರಾಗ ಇಷ್ಟ ಅಂತ ಅಲ್ಲ. "ಮನೆಯಲ್ಲಿ ಯಾರು ಹಾಡ್ತಾರೆ?" ಅಪ್ಪ ಹಾಡ್ತಾರೆ, ಟ್ಯೂಬ್ ಊದುವಾಗ ಅಂತ ಒಂದು ಸಲ ಹೇಳಿಬಿಟ್ಟೆ. ಎರಡನೇ ಪ್ರಶ್ನೆ ಬರಲಿಲ್ಲ.


ಸಂಗೀತ ಮಾತ್ರ ಸಾಕು

ಎಲ್ಲದಕ್ಕೂ ಜಾತಿ ತರಬೇಡಿ ದಯವಿಟ್ಟು. ಸಂಗೀತಕ್ಕೆ ಜಾತಿ ಇಲ್ಲ. ಚೆನ್ನಾಗಿ ಹಾಡಿದರೆ ಎಲ್ಲರೂ ಕೇಳುತ್ತಾರೆ. ಮನೆಯಲ್ಲಿ ಯಾರು ಹಾಡ್ತಾರೆ ಅಂತ ಪ್ರೀತಿಯಿಂದಲೂ ಕೇಳಬಹುದು.


ಮೊದಲನೇ ತಲೆಮಾರು

ಪ್ರೀತಿಯಿಂದಲೂ ಕೇಳುತ್ತಾರೆ ಸಾರ್, ನಾನು ಇಲ್ಲ ಅನ್ನಲಿಲ್ಲ. ಜಾತಿ ಅನ್ನೋ ಪದ ನನ್ನ ಬರಹದಲ್ಲಿ ಇರಲೂ ಇಲ್ಲ, ನೀವೇ ತಂದಿರಿ.

ಚೆನ್ನಾಗಿ ಹಾಡಿದರೆ ಎಲ್ಲರೂ ಕೇಳುತ್ತಾರೆ ಅಂದಿರಲ್ಲ, ಬೆಂಗಳೂರು ನಾಗರತ್ನಮ್ಮ ಚೆನ್ನಾಗಿಯೇ ಹಾಡುತ್ತಿದ್ದರು. ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು, ದೇವದಾಸಿ ಮನೆತನ. ತಿರುವಯ್ಯಾರಿನಲ್ಲಿ ಪಾಳು ಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆ ಸುರಿದು ಗುಡಿ ಕಟ್ಟಿಸಿದರು. ಆದರೆ ಅಲ್ಲಿ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಕಟ್ಟಿಸಿದವರಿಗೇ ಹಾಡೋಕೆ ಜಾಗ ಇರಲಿಲ್ಲ. ಹೆಂಗಸರನ್ನು ಸೇರಿಸಿಕೊಂಡು ತಮ್ಮದೇ ಗುಂಪು ಕಟ್ಟಿ ಹಾಡಿದರು. ಗಂಡಸರ ಗುಂಪುಗಳೂ ಇವರದೂ ಒಂದಾಗೋಕೆ 1940ರ ದಶಕ ಬರಬೇಕಾಯಿತು.


ಕುಂದಗೋಳದ ಕಡೆಯವ

ನಮ್ಮ ಕಡೆ ಹಿಂದೂಸ್ತಾನಿ. ದಕ್ಷಿಣದ ಚರ್ಚೆಗೆ ಉತ್ತರದವ ಬಂದೆ ಅಂತ ತಿಳಿಯಬೇಡ್ರಿ.

ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಅವರೂ ಮೇಲ್ಜಾತಿಯ ಮನೆಯಿಂದ ಬಂದವರಲ್ಲ, ಅನುಭವಿಸಿದ್ದು ಬೇಕಾದಷ್ಟು. ಮೊದಲನೇ ತಲೆಮಾರು ತಂಗಿ ಹೇಳಿದ್ದು ಸರಿ ಅದ.

ನನ್ನ ದುಃಖ ಬೇರೆ. ನಮ್ಮ ಅಜ್ಜ ಅಹೋರಾತ್ರಿ ಸಂಗೀತ ಕೇಳಿದವರು. ರಾತ್ರಿ ಒಂಬತ್ತಕ್ಕೆ ಕೂತರೆ ಬೆಳಗಿನ ಚಹಾ ಆದ ಮೇಲೆ ಏಳೋದು. ನಡುರಾತ್ರಿಗೆ ಮಾಲಕಂಸ ರಾಗ, ಕೋಳಿ ಕೂಗೋ ಹೊತ್ತಿಗೆ ಲಲತ ರಾಗ. ಈಗ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವ ಹಾಗಿಲ್ಲ. 2000ದ ನಿಯಮ. ಮುಚ್ಚಿದ ಹಾಲಿಗೆ ನಡೆಯುತ್ತೆ, ಆದರೆ ಹಾಲಿನ ಬಾಡಿಗೆ ಯಾರು ಕೊಡಬೇಕು, ಕಾವಲುಗಾರ ಎಷ್ಟೊತ್ತು ಕಾಯಬೇಕು? ನಿಯಮ ತಪ್ಪು ಅನ್ನಲ್ಲ. ಪಕ್ಕದ ಮನೆ ಮದುವೆಯ ಡಿಜೆಗೆ ನಾನೇ ಪೊಲೀಸರಿಗೆ ಫೋನ್ ಮಾಡಿದ್ದೀನಿ. ಆದರೆ ಲಲತವನ್ನು ಅದರ ಹೊತ್ತಿನಲ್ಲಿ ನಾನು ಕೇಳಿದ್ದು ಫೋನಿನಲ್ಲೇ, ಕಿವಿಗೆ ವೈರ್ ಹಾಕಿಕೊಂಡು, ಹೆಂಡತಿ ಏಳಬಾರದು ಅಂತ ಕಟ್ಟೆ ಮೇಲೆ ಕೂತು. ನಾಯಿ ಒಂದೇ ಜೊತೆಗೆ.


ಆರನೇ ಸೆಮ್

ಮೊದಲನೇ ತಲೆಮಾರು ಅವರೇ, ಕೆಮ್ಮಿನ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನನ್ನದು ಹೊಟ್ಟೆ ತುಂಬಿದವನ ದೂರು. ಅರ್ಧ ಮಾತ್ರ ವಾಪಸ್ ತಗೊಳ್ತೀನಿ, ಪೂರ್ತಿ ಅಲ್ಲ. ನೀವು ಆ ರೆಕಾರ್ಡಿಂಗ್ ಅನ್ನು ಕೂತು ಕೇಳಿದಿರಿ. ನಾನು ಎದುರಿಗೇ ಕೂತು ಕೇಳಲಿಲ್ಲ.

ತುಣುಕುಗಳಲ್ಲಿ, ಹಾಡಿದವರು ಒಪ್ಪಿದರೆ, ಯಾವುದು ಬೇಕೋ ಕಳಿಸ್ತೀನಿ. ಒಪ್ಪಿಗೆ ಕೇಳದೆ ತುಂಬಿಕೊಂಡಿದ್ದೂ ಒಂದು ತಪ್ಪೇ ಅಂತ ಈಗ ಅನ್ನಿಸ್ತಿದೆ, ಯಾರನ್ನೂ ಕೇಳಿರಲಿಲ್ಲ.

ಹಳೇ ರೇಡಿಯೋ ತಾತ, ತೋಡಿ ಇವತ್ತು ರಾತ್ರಿ. ಮಾತು ಕೊಟ್ಟೆ.


ಹಳೇ ರೇಡಿಯೋ

ಕೇಳಿದೆಯಾ?


ಆರನೇ ಸೆಮ್

ಕೇಳಿದೆ. ಅರ್ಧ ನನ್ನ ಉಸಿರೇ ಕೇಳಿಸುತ್ತೆ. ಗಾಂಧಾರ ಮಾತ್ರ ಎರಡು ಸಲ ಹಿಂದೆ ಹಾಕಿ ಕೇಳಿದೆ, ಮೊದಲನೇ ತಲೆಮಾರು ಅವರ ನೆನಪಾಗಿ.

ಭಾನುವಾರ ಇನ್ನೊಂದು ಕಛೇರಿಗೆ ಹೋಗಿದ್ದೆ. ಫೋನ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿದೆ. ತನಿಗೆ ಎದ್ದು ಹೋಗಲಿಲ್ಲ, ತೊಪ್ಪಿ ಮತ್ತು ರವೆ ಅವರೇ, ಗಮನಿಸಿ. ಮಿಶ್ರಛಾಪು ತಾಳ. ತಕಿಟ ತಕಧಿಮಿ, ತಕಿಟ ತಕಧಿಮಿ ಅಂತ ಏಳು ಎಣಿಸುತ್ತಾ ಕೂತೆ. ಖಂಜೀರದವರು ನಡೆ ಬದಲಾಯಿಸಿದ ಕೂಡಲೇ ಕೈ ತಪ್ಪಿತು. ಎಲ್ಲಿದ್ದೀನಿ ಅಂತಲೇ ಗೊತ್ತಾಗಲಿಲ್ಲ.

ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬರು ಕೂತಿದ್ದರು. ನನ್ನ ಕೈ ನಿಂತಿದ್ದು ನೋಡಿದರು. ಏನೂ ಹೇಳಲಿಲ್ಲ. ತೊಡೆ ಮೇಲೆ ತಟ್ಟುತ್ತಿದ್ದ ಬಲಗೈಯನ್ನು ನನ್ನ ಕಡೆಗೆ ಒಂದು ಗೇಣು ಸರಿಸಿ, ನನಗೆ ಕಾಣುವ ಹಾಗೆ ತಟ್ಟತೊಡಗಿದರು. ಎರಡು ಆವರ್ತಕ್ಕೆ ನಾನು ಸೇರಿಕೊಂಡೆ. ಮುಕ್ತಾಯಕ್ಕೆ ಇಬ್ಬರದ್ದೂ ಒಟ್ಟಿಗೇ ಬಿತ್ತು. ಅವರ ಮುಖ ನೋಡಿ ನಕ್ಕೆ, ಅವರೂ ನಕ್ಕರು.

ಆಗ ನೋಡಿದೆ. ಅವರ ಎಡಗೈಯಲ್ಲಿ ಫೋನಿತ್ತು. ಅಷ್ಟು ಹೊತ್ತೂ ರೆಕಾರ್ಡ್ ಮಾಡುತ್ತಿದ್ದರು.